ಅವಧಿ ಮೀರಿದ ಲೇಪನಗಳು

ನಮ್ಮ ಅನೇಕ ಮನೆಗಳಲ್ಲಿ ಒಂದು ವಿಚಿತ್ರ ಪದ್ಧತಿಯುಂಟು. ಮುಖಕ್ಕೆ ಹಚ್ಚುವ ಕ್ರೀಮಿನ ಅವಧಿ ತೀರಿತೆಂದು ತಿಳಿದರೂ ಅದನ್ನು ಎಸೆಯುವುದಿಲ್ಲ. ಒಡೆದ ಹಿಮ್ಮಡಿಗೆ ಆದೀತೆಂದು ತೆಗೆದಿಡುತ್ತಾರೆ. ಕಾಸು ಕೊಟ್ಟು ತಂದ ವಸ್ತು ಪೋಲಾಗಬಾರದೆಂಬ ಬುದ್ಧಿ ಮೆಚ್ಚತಕ್ಕದ್ದೇ. ಆದರೆ ರೋಗಾಣುಗಳು ಒಳಹೊಗದಂತೆ ತಡೆಯುವ ಕೋಟೆಯೆಂದರೆ ಬಿರುಕಿಲ್ಲದ ಚರ್ಮ. ಆ ಕೋಟೆ ಬಿರಿದ ಕಡೆಯಲ್ಲಿಯೇ ಶಂಕಾಸ್ಪದವಾದ ಲೇಪನವನ್ನು ತಿಕ್ಕುವುದು ಯಾವ ಬಗೆಯ ಮಿತವ್ಯಯವೋ ತಿಳಿಯದು.

ನಮ್ಮ ದೇಶದಲ್ಲಿ ಸೌಂದರ್ಯಸಾಧನಗಳ ಮೇಲೆ ಬಳಕೆಯ ಕಡೆಯ ತಿಂಗಳನ್ನೂ ವರ್ಷವನ್ನೂ ಮುದ್ರಿಸಬೇಕೆಂದು 2020ರ ನಿಯಮಾವಳಿ ವಿಧಿಸುತ್ತದೆ. ಆದರೆ ಮುಚ್ಚಳ ತೆರೆದ ದಿನದಿಂದ ಬೇರೊಂದು ಲೆಕ್ಕ ಮೊದಲಾಗುತ್ತದೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಕೆಲವು ಡಬ್ಬಿಗಳ ಮೇಲೆ ತೆರೆದ ಭರಣಿಯ ಚಿಕ್ಕ ಚಿತ್ರವೂ ಅದರೊಡನೆ ‘12 ಎಂ’ ಎಂಬಂಥ ಗುರುತೂ ಇರುತ್ತವೆ. ತೆರೆದ ಮೇಲೆ ಹನ್ನೆರಡು ತಿಂಗಳೊಳಗೆ ಬಳಸತಕ್ಕದ್ದೆಂದು ಅದರ ಅರ್ಥ. ಮೇಲೆ ಮುದ್ರಿಸಿದ ದಿನಾಂಕ ಎಷ್ಟೇ ದೂರವಿರಲಿ, ಈ ಎರಡನೆಯ ಲೆಕ್ಕವೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಕಾರಣ ಸರಳವಾದುದು. ಕ್ರೀಮೆಂಬುದು ಎಣ್ಣೆಯೂ ನೀರೂ ಒಂದಾಗಿ ಬೆರೆತ ಪದಾರ್ಥ. ನೀರಿರುವಲ್ಲಿ ಬ್ಯಾಕ್ಟೀರಿಯ, ಬೂಷ್ಟುಗಳು ಬೆಳೆಯಬಲ್ಲವಾದ್ದರಿಂದ ತಯಾರಕರು ಅದಕ್ಕೆ ಪ್ಯಾರಾಬೆನ್, ಫಿನಾಕ್ಸಿಎಥನಾಲ್ ಮೊದಲಾದ ಸಂರಕ್ಷಕ ದ್ರವ್ಯಗಳನ್ನು ಸೇರಿಸುತ್ತಾರೆ. ಉಪ್ಪಿನಕಾಯಿಯ ಭರಣಿಗೆ ಒದ್ದೆ ಚಮಚ ಹಾಕಿದರೆ ಗದರುವ ಹಿರಿಯರು ಕ್ರೀಮಿನ ಡಬ್ಬಿಗೆ ಒದ್ದೆ ಬೆರಳು ಹಾಕಿದರೆ ಸುಮ್ಮನಿರುತ್ತಾರೆ! ಬೆರಳಿನ ಸೂಕ್ಷ್ಮಜೀವಿಗಳು ದಿನದಿನವೂ ಒಳಸೇರುತ್ತಿದ್ದರೆ ಸಂರಕ್ಷಕದ ಬಲ ಕಾಲಕ್ರಮದಲ್ಲಿ ಕುಂದುತ್ತದೆ. ಶೀಸೆಯ ತಳದಲ್ಲಿ ಉಳಿದ ಲೋಷನ್ನಿಗೆ ನೀರು ಬೆರೆಸಿ ಕುಲುಕುವವರಂತೂ ಆ ಸಂರಕ್ಷಕವನ್ನು ತಾವೇ ತೆಳುವಾಗಿಸುತ್ತಾರೆ. ಬಣ್ಣ ಕೆಟ್ಟರೆ, ವಾಸನೆ ಬಂದರೆ, ಎಣ್ಣೆ ನೀರು ಬೇರ್ಪಟ್ಟರೆ ಲೇಪನ ಕೆಟ್ಟಿತೆನ್ನಬಹುದು, ನಿಜ. ಆದರೆ ವಾಸನೆಯಿಲ್ಲದ ಮಾತ್ರಕ್ಕೆ ಶುದ್ಧವೆನ್ನಲು ಬಾರದು. ಲಕ್ಷಾಂತರ ಜೀವಾಣುಗಳಿದ್ದರೂ ಮೂಗಿಗೆ ಸುಳಿವು ಸಿಗದಿರಬಹುದು.

ಇದು ಬರಿಯ ಊಹೆಯಲ್ಲ. ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಸೇರಿ, ಅದರಿಂದ ಕಣ್ಣಿನ ಕಾರ್ನಿಯದಲ್ಲಿ ಹುಣ್ಣಾದ ಪ್ರಕರಣಗಳನ್ನು ಅಮೆರಿಕದ ಸಂಶೋಧಕರು 1977ರಲ್ಲಿ ವರದಿಮಾಡಿದರು. ಅಂಥ ಹುಣ್ಣು ದೃಷ್ಟಿಯನ್ನೇ ಅಪಹರಿಸಬಲ್ಲದು. ವಿದ್ಯಾರ್ಥಿನಿಲಯಗಳಲ್ಲಿ ಒಂದೇ ಕಾಡಿಗೆಯನ್ನು ನಾಲ್ವರು ಹಚ್ಚಿಕೊಳ್ಳುವ ಸ್ನೇಹವನ್ನು ನಾನು ಒಪ್ಪಲಾರೆ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ನೀರಿಲ್ಲದ ಮುಖದ ಪೌಡರು ಒಣಗಿದ್ದಷ್ಟು ಕಾಲ ಜೀವಾಣುಗಳಿಗೆ ಅಷ್ಟಾಗಿ ಎಡೆಗೊಡದು. ಕೊಬ್ಬರಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಕಮಟಾದರೆ ಮೂಗೇ ಎಚ್ಚರಿಸುತ್ತದೆ. ಬಿಸಿಲಿನಿಂದ ರಕ್ಷಿಸುವ ಸನ್‌ಸ್ಕ್ರೀನಿನ ಮಾತು ಬೇರೆ. ಅದು ಕೆಟ್ಟಾಗ ಚರ್ಮ ಉರಿಯದಿರಬಹುದು, ತುರಿಸದಿರಬಹುದು. ಆದರೆ ರಕ್ಷಣೆ ಉಂಟೆಂಬ ಧೈರ್ಯದಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಆಡಲು ಹೋದವನಿಗೆ ಆ ರಕ್ಷಣೆಯೇ ಇರುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯ ಸೌಂದರ್ಯಸಾಧನಗಳಿಗೆ ಅವಧಿ ಮುದ್ರಿಸಬೇಕೆಂಬ ಕಾನೂನಿಲ್ಲ. ಸನ್‌ಸ್ಕ್ರೀನನ್ನು ಮಾತ್ರ ಅಲ್ಲಿ ಔಷಧವೆಂದು ಎಣಿಸಿ, ಮೂರು ವರ್ಷ ಕೆಡದೆಂದು ಪರೀಕ್ಷೆಯಿಂದ ತೋರಿಸದ ಹೊರತು ಅವಧಿಯನ್ನು ಮುದ್ರಿಸಲೇಬೇಕೆಂದು ವಿಧಿಸಿದ್ದಾರೆ. ಅವಧಿ ಮೀರಿದ ಸನ್‌ಸ್ಕ್ರೀನನ್ನು ಹಿಮ್ಮಡಿಗೂ ಉಳಿಸದೆ ಎಸೆಯುವುದೇ ಲೇಸು.