ಶಾಲೆಯ ಮೈದಾನ ಸಂಜೆಗೂ ತೆರೆದಿರಲಿ

ಸಂಜೆ ಕೊನೆಯ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆಲ್ಲ ನಮ್ಮ ಹೆಚ್ಚಿನ ಸರ್ಕಾರಿ ಶಾಲೆಗಳ ಗೇಟಿಗೆ ಬೀಗ ಬೀಳುತ್ತದೆ. ಒಳಗೆ ಮೈದಾನ ಖಾಲಿ. ಹೊರಗೆ ಅದೇ ಶಾಲೆಯ ಮಕ್ಕಳು ಪಕ್ಕದ ಗಲ್ಲಿಯ ಗೋಡೆಗೆ ಇದ್ದಿಲಿನಿಂದ ಮೂರು ಗೀಟು ಎಳೆದು ವಿಕೆಟ್ ಮಾಡಿಕೊಂಡು, ಸಾಲಾಗಿ ನಿಲ್ಲಿಸಿದ ಬೈಕುಗಳ ನಡುವೆ ಕ್ರಿಕೆಟ್ ಆಡುತ್ತಿರುತ್ತಾರೆ. ಚೆಂಡು ಯಾರದಾದರೂ ಕಾಂಪೌಂಡಿನೊಳಗೆ ಬಿದ್ದರೆ ಔಟ್ ಎಂಬ ನಿಯಮ ಹುಟ್ಟಿದ್ದೇ ಜಾಗವಿಲ್ಲದ್ದಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. ಎಷ್ಟೋ ಶಾಲೆಗಳಿಗೆ ಇಂದಿಗೂ ಆ ಭಾಗ್ಯವಿಲ್ಲ. ಇರುವ ಕಡೆಯಲ್ಲಾದರೂ ಆ ಬಯಲು ಬೆಳಗ್ಗೆ, ಸಂಜೆ ಮತ್ತು ರಜೆಯಲ್ಲಿ ಸುತ್ತಲಿನವರ ಆಟಕ್ಕೂ ಹಾಡಿಗೂ ಒದಗಬೇಕು. ಜನರ ದುಡ್ಡಿನ ಜಾಗ ಬೇಸಿಗೆ ರಜೆಯುದ್ದಕ್ಕೂ ಬೀಗದೊಳಗಿರುವುದು ಅನ್ಯಾಯ.

ಇದು ಹೊಸ ಮಾತೇನಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ನಾಡಿನಾಚೆಗೂ ಹೆಸರಾದದ್ದು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿಯಂಥವರ ಕಛೇರಿಗೂ ಒಂದು ಶಾಲೆಯ ಬಯಲಿನ ಚಪ್ಪರ ಸಾಕಾಯಿತು. ಕರಾವಳಿಯಲ್ಲಿ ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳ ಪತ್ತನಾಜೆಯವರೆಗೆ ನಡೆಯುವ ಯಕ್ಷಗಾನ ಬಯಲಾಟಗಳಿಗೆ ಗದ್ದೆಯಂತೆ ಶಾಲೆಯ ಅಂಗಳವೂ ರಂಗಸ್ಥಳವಾಗುತ್ತದೆ. ಕ್ರೀಡೆಯ ಮಟ್ಟಿಗೆ ಕೊಡಗನ್ನು ನೋಡಬೇಕು. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಬಂದವು. ಅಲ್ಲಿ ಮನೆತನದ ಹೆಸರಿನಲ್ಲಿ ಹುಡುಗರ ಜೊತೆ ಹೆಂಗಸರೂ ವಯಸ್ಸಾದವರೂ ಸ್ಟಿಕ್ ಹಿಡಿಯುತ್ತಾರೆ. ಆಟಕ್ಕಿಳಿಯಲು ಎಲ್ಲರಿಗೂ ಅವಕಾಶವಿದ್ದರೆ ಅದು ಎಷ್ಟು ಹಬ್ಬಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೀಗ ತೆಗೆಯಲು ಹಿಂಜರಿಯುವ ಮುಖ್ಯ ಶಿಕ್ಷಕರ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಳಗ್ಗೆ ಬಂದರೆ ಮೈದಾನದಲ್ಲಿ ಮದ್ಯದ ಬಾಟಲಿ, ಒಡೆದ ಕಿಟಕಿ, ಮುರಿದ ನಲ್ಲಿ. ಇದು ಎಷ್ಟೋ ಶಾಲೆಗಳ ಪಾಡು. ಆದರೆ ಕತ್ತಲಲ್ಲಿ ಕಾಂಪೌಂಡ್ ಹಾರಿ ಬರುವವರನ್ನು ಬೀಗ ತಡೆದಿಲ್ಲ. ಅದು ತಡೆಯುವುದು ಹಗಲಲ್ಲಿ ಗೇಟಿನ ಮೂಲಕ ಬರುವ ಮಕ್ಕಳನ್ನೇ. ವಾಲಿಬಾಲ್ ಆಡುವವರು, ವಾಕಿಂಗ್ ಬರುವ ಹಿರಿಯರು, ಡೊಳ್ಳಿನ ತಾಲೀಮು ನಡೆಸುವ ತಂಡ ಇರುವಲ್ಲಿ ಕುಡುಕರು ಕೂರಲು ಅಂಜುತ್ತಾರೆ. ಕಾವಲು, ಶುಚಿತ್ವದ ಖರ್ಚನ್ನು ಶಾಲೆಯ ತಲೆಗೆ ಕಟ್ಟದೆ ಪಂಚಾಯಿತಿ ಅಥವಾ ನಗರಸಭೆ ಹೊರಬೇಕು. ಮೈದಾನವನ್ನು ಗಂಟೆಗಿಷ್ಟು ಎಂದು ಟರ್ಫ್‌ನವರಿಗೆ ಬಾಡಿಗೆಗೆ ಕೊಟ್ಟರೆ ಆ ಖರ್ಚು ಹುಟ್ಟುತ್ತದೆ ಎನ್ನುವವರಿದ್ದಾರೆ. ಆಗ ಗಲ್ಲಿಯ ಹುಡುಗ ಗಲ್ಲಿಯಲ್ಲೇ ಉಳಿಯುತ್ತಾನೆ. ಹಾಡು, ಆಟದ ಗಲಾಟೆಯಿಂದ ನಿದ್ದೆ ಕೆಡುತ್ತದೆ ಎಂಬ ಅಕ್ಕಪಕ್ಕದ ಮನೆಯವರ ದೂರೂ ನ್ಯಾಯವಾದದ್ದೇ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದ ಇದೆ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರಾಯಿತು. ಪರೀಕ್ಷೆಯ ದಿನಗಳಲ್ಲಿ ಧ್ವನಿವರ್ಧಕವೇ ಬೇಡ.

ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ನಿಮ್ಮೂರ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಗೇಟಿನ ಕೀಲಿ ಸಂಜೆ ಯಾರ ಬಳಿ ಇರಬೇಕು, ಕಸ ಯಾರು ತೆಗೆಯಬೇಕು ಎಂಬುದನ್ನು ಅಲ್ಲೇ ಬರೆದು ತೀರ್ಮಾನಿಸಿ. ಬರುವ ಬೇಸಿಗೆ ರಜೆಯಿಂದಲೇ ಶುರುಮಾಡಿ.