ಮುತ್ಯಾನ ಮನೆಗೆ ಆಟೋಮ್ಯಾಟಿಕ್ಕೇ ಸರಿ

ವಿನೈಲ್ ರೆಕಾರ್ಡು ಮತ್ತೆ ಫ್ಯಾಷನ್ ಆಗಿದೆ. ಹಾಸ್ಟೆಲಿನಲ್ಲಿ ಯಾರಾದರೂ 'ಟರ್ನ್‌ಟೇಬಲ್ ತಗೋಬೇಕು, ಯಾವ್ದು ತಗೊಳ್ಳಲಿ?' ಅಂತ ಬಾಯಿ ತೆರೆದರೆ ಸಾಕು, ನಾಲ್ಕು ವಿಡಿಯೋ ನೋಡಿ ತಜ್ಞರಾದವರೆಲ್ಲ ಒಂದೇ ಉತ್ತರ ಕೊಡ್ತಾರೆ: 'ಆಟೋಮ್ಯಾಟಿಕ್ ಮಾತ್ರ ಬೇಡ, ಅದು ಆಟಿಗೆ ಸಾಮಾನು. ಮ್ಯಾನ್ಯುಯಲ್ ತಗೋ.' ಈ ಉತ್ತರದ ಮೇಲೆ ನಮ್ಮ ತಕರಾರಿದೆ. ರೆಕಾರ್ಡುಗಳು ಯಾರ ಮನೆಯಲ್ಲಿವೆ, ಅವನ್ನು ದಿನಾ ಹಚ್ಚಿ ಕೇಳೋರು ಯಾರು ಅಂತ ವಿಚಾರಿಸದೇನೇ ಕೊಟ್ಟ ಉತ್ತರ ಇದು.

ನಾವು ಅಂದ್ರೆ ಬೀದರ ಜಿಲ್ಲೆಯ ಹುಮನಾಬಾದ, ಬಸವಕಲ್ಯಾಣ ಕಡೆಯಿಂದ ಬಂದು ಇಲ್ಲಿ ಓದುತ್ತಿರೋ ಒಂದಿಷ್ಟು ಮಂದಿ. ನಮ್ಮಲ್ಲಿ ಇಬ್ಬರದು ಘಾಟಬೋರಾಳ. ನಮ್ಮ ಸೀಮೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಅಂಗಳದಾಗ ಆಡಿ ಬೆಳೆದ ಭಾಷೆಗಳು. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಸಂಗೀತ ಕೇಳಲು ಊರೂರಿಂದ ಜನ ಬರ್ತಾರೆ. ಹಾಗಾಗಿ ಇಲ್ಲಿನ ಹಳೇ ಟ್ರಂಕು ತೆರೆದರೆ ಎಲ್ಲವೂ ಕಲಸುಮೇಲೋಗರ: ಭೀಮಸೇನ ಜೋಶಿಯವರ ಮರಾಠಿ ಅಭಂಗ, ಅದರ ಕೆಳಗೆ ಕವ್ವಾಲಿ, ಅದರ ಕೆಳಗೆ 1972ರ 'ಬಂಗಾರದ ಮನುಷ್ಯ', ಎಲ್ಲಕ್ಕಿಂತ ತಳದಾಗ ತೂಕದ, ಕಪ್ಪನೆಯ, ಕೈಜಾರಿದರೆ ಚೂರಾಗೋ 78ರ ಪ್ಲೇಟುಗಳು.

ಈ ಟ್ರಂಕಿನ ಮಾಲೀಕ ನಾವಲ್ಲ, ಮುತ್ಯಾ. ನಾವು ಮನೆಗೆ ಹೋಗೋದು ದೀಪಾವಳಿಗೆ, ಬ್ಯಾಸಗಿ ರಜೆಗೆ. ಉಳಿದ ದಿನ ಆ ಮನೆಯಲ್ಲಿ ಇರೋರು ಮುತ್ಯಾ, ಆಯಿ. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿರ್ತದೆ, ಕೈ ಸಣ್ಣಗೆ ನಡುಗ್ತದೆ. ಇಂಥವರ ಮುಂದೆ ಮ್ಯಾನ್ಯುಯಲ್ ಯಂತ್ರ ಇಟ್ಟು 'ಮುತ್ಯಾ, ಈ ಮುಳ್ಳನ್ನ ಆ ಅಂಚಿನ ಮೇಲೆ ಮೆಲ್ಲಕ ಇಳಸ್ರಿ' ಅನ್ನೋದು ಯಾವ ನ್ಯಾಯ? ಎರಡು ಸಲ ಮುಳ್ಳು ಜಾರಿ ಗೀಚಿದರೆ ಮೂರನೇ ಸಲ ಅವರು ಯಂತ್ರ ಮುಟ್ಟೋದಿಲ್ಲ. 'ಹುಡುಗ್ರು ಬಂದಾಗ ಹಚ್ತಾರ ಬಿಡು' ಅಂತ ಸುಮ್ಮನಾಗ್ತಾರೆ. ತಮ್ಮದೇ ಹಾಡು ಕೇಳಲು ಮೊಮ್ಮಕ್ಕಳ ರಜೆಗೆ ಕಾಯಬೇಕು.

ಆಟೋಮ್ಯಾಟಿಕ್ ಯಂತ್ರದಲ್ಲಿ ರೆಕಾರ್ಡು ಇಟ್ಟು ಒಂದು ಗುಂಡಿ ಒತ್ತಿದರೆ ಮುಗೀತು. ಕೈ ತಾನೇ ಎದ್ದು, ಅಂಚಿಗೆ ಬಂದು, ಮೆಲ್ಲಗೆ ಇಳಿಯುತ್ತದೆ. ಮುಗಿದ ಮೇಲೆ ತಾನೇ ಎದ್ದು ಜಾಗಕ್ಕೆ ಹೋಗಿ ಮೋಟಾರು ನಿಲ್ಲಿಸುತ್ತದೆ. ಊಟ ಮಾಡಿ ಅಭಂಗ ಹಚ್ಚಿ ಹಂಗೇ ನಿದ್ದೆ ಹೋದರೂ ಚಿಂತೆಯಿಲ್ಲ. ಮ್ಯಾನ್ಯುಯಲ್ಲಿನಲ್ಲಿ ಆದ್ರೆ ಅವರು ಏಳೋ ತನಕ ಮುಳ್ಳು ಕೊನೆಯ ಗೀರಿನಲ್ಲೇ ಸುತ್ತುತ್ತಾ ಸವೆಯುತ್ತಾ ಕೂತಿರ್ತದೆ.

'ಆ ಗೇರು, ಲಿವರುಗಳ ಗದ್ದಲದಿಂದ ಧ್ವನಿ ಕೆಡ್ತದೆ' ಅನ್ನೋ ಆಕ್ಷೇಪಣೆ ಇದೆ. ಇದನ್ನು ಮೆಕ್ಯಾನಿಕಲ್ ಗೆಳೆಯರು ಒಮ್ಮೆ ತಟ್ಟೆ ಎತ್ತಿ ಒಳಗೆ ನೋಡಿ ತೀರ್ಮಾನಿಸಲಿ. ತಟ್ಟೆಯ ನಡುವಿನ ಸಣ್ಣ ಗೇರು, ಅದರ ಪಕ್ಕದ ದೊಡ್ಡ ಕ್ಯಾಮ್ ಗೇರು ಹಾಡು ನಡೆಯುವಾಗ ಒಂದಕ್ಕೊಂದು ತಾಗಿರೋದೇ ಇಲ್ಲ. ಕ್ಯಾಮ್ ಗೇರಿನಲ್ಲಿ ಆ ಜಾಗದಲ್ಲಿ ಹಲ್ಲುಗಳಿರೋದಿಲ್ಲ. ಕೈ ಒಳಕ್ಕೆ ಸರಿದಂತೆ ಒಂದು ಪುಟ್ಟ ಕೊಕ್ಕೆಯನ್ನು ತಳ್ಳುತ್ತಾ ಹೋಗ್ತದೆ. ಹಾಡಿನ ಗೀರಿನಲ್ಲಿ ಕೈ ಸರಿಯೋದು ಸುತ್ತಿಗೆ ಕೂದಲೆಳೆಯಷ್ಟು, ಹಾಗಾಗಿ ತಟ್ಟೆ ಪ್ರತಿ ಸುತ್ತಿಗೂ ಆ ಕೊಕ್ಕೆಯನ್ನು ಹಿಂದಕ್ಕೆ ದೂಡಿಬಿಡುತ್ತದೆ. ಕೊನೆಯ ಗೀರು ಬಂದಾಗ ಕೈ ಒಂದೇ ಸುತ್ತಿಗೆ ಮಿಲಿಮೀಟರುಗಟ್ಟಲೆ ಒಳಕ್ಕೆ ಹಾರ್ತದೆ. ಆಗ ಕೊಕ್ಕೆ ಸಿಕ್ಕಿಹಾಕಿಕೊಂಡು ಗೇರು ಕೂಡುತ್ತದೆ, ಕೈ ಏಳುತ್ತದೆ. ಸೆನ್ಸರ್ ಇಲ್ಲ, ಪ್ರೋಗ್ರಾಮ್ ಇಲ್ಲ, ಬರೀ ವೇಗದ ವ್ಯತ್ಯಾಸ ಹಿಡಿಯೋ ಒಂದು ಲೋಹದ ತುಂಡು. ಇದನ್ನು ಆಟಿಗೆ ಸಾಮಾನು ಅನ್ನೋರು ಮೆಕ್ಯಾನಿಸಮ್ಸ್ ಪೇಪರಿನಲ್ಲಿ ಪಾಸಾಗಿದ್ದು ಹ್ಯಾಗೆ ಅಂತ ನಮಗೆ ಅನುಮಾನ.

ಆಕ್ಷೇಪಣೆಯಲ್ಲಿ ನಿಜವೂ ಸ್ವಲ್ಪ ಇದೆ. ಅಗ್ಗದ ಯಂತ್ರದಲ್ಲಿ ದುಡ್ಡಿನ ಒಂದು ಪಾಲು ಈ ಲಿವರುಗಳಿಗೇ ಹೋಗ್ತದೆ. ಅದೇ ಬೆಲೆಯ ಮ್ಯಾನ್ಯುಯಲ್ಲಿನಲ್ಲಿ ಕೈ, ಕಾರ್ಟ್ರಿಜ್ ಇನ್ನಷ್ಟು ಚಲೋ ಸಿಗಬಹುದು. ಹಾಸ್ಟೆಲ್ ಕೋಣೆಯಲ್ಲಿ ಒಬ್ಬನೇ ಕೂತು ಕೇಳೋನು ಮ್ಯಾನ್ಯುಯಲ್ ತಗೊಳ್ಳಲಿ, ನಾವು ಬೇಡ ಅನ್ನಲ್ಲ. ಊರ ಮನೆಗೆ ತರೋದಾದ್ರೆ ಮಾತ್ರ ಲೆಕ್ಕ ಬೇರೆ.

ಹಾಗಾದ್ರೆ ಯಾವುದನ್ನು ತರೋದು? ಮೊದಲು ಟ್ರಂಕು ತೆರೆಯಿರಿ, ಆಮೇಲೆ ಅಂಗಡಿ. ರೆಕಾರ್ಡಿನ ಮೇಲೆ 33⅓ ಇದೆಯೋ, 45 ಇದೆಯೋ, 78 ಇದೆಯೋ ನೋಡಿ. ಅಮೆರಿಕದಲ್ಲಿ ಎಲ್‌ಪಿ ಬಂದದ್ದು 1948ರಲ್ಲಿ, 45 ಬಂದದ್ದು 1949ರಲ್ಲಿ. ಆದರೆ ನಮ್ಮಲ್ಲಿ 1960ರ ದಶಕದಲ್ಲೂ 78 ಮಾರಾಟ ಆಗ್ತಿತ್ತು. ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಧ್ವನಿ ಇರೋದು 78ರಲ್ಲೇ. ಈಗ ಸಿಗೋ ಅಗ್ಗದ ಆಟೋಮ್ಯಾಟಿಕ್‌ಗಳು ಹೆಚ್ಚಿನವು 33⅓ ಮತ್ತು 45 ಮಾತ್ರ ತಿರುಗಿಸುತ್ತವೆ. ಸಾಲದ್ದಕ್ಕೆ 78ರ ಗೀರು ಅಗಲ. ಅದಕ್ಕೆ ಸುಮಾರು 65-75 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್‌ಪಿ ಮುಳ್ಳಿನ ತುದಿ 15-18 ಮೈಕ್ರಾನ್. ಅದು 78ರ ಗೀರಿನ ತಳಕ್ಕೆ ಬಿದ್ದು ಧೂಳು ಕೆರೆಯುತ್ತದೆಯೇ ಹೊರತು ಹಾಡೋದಿಲ್ಲ.

78 ಇದ್ದವರಿಗೆ ನಮ್ಮ ಸಲಹೆ ಇಷ್ಟು: ಅವನ್ನು ದಿನಾ ಬಾರಿಸಬೇಡಿ, ಒಮ್ಮೆ ಸರಿಯಾಗಿ ಡಿಜಿಟಲ್ ಮಾಡಿಸಿ. ಆಡಿಯೋ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಯುಎಸ್‌ಬಿ ಥರದ ಮ್ಯಾನ್ಯುಯಲ್ ಯಂತ್ರದಲ್ಲಿ 78ರ ವೇಗ ಇದೆ, 78ರ ಮುಳ್ಳು ಬೇರೆ ತಂದು ಹಾಕಬೇಕು. ನಾಲ್ಕೈದು ಜನ ಕೂಡಿ ಒಂದು ತಂದರೆ ಎಲ್ಲರ ಟ್ರಂಕಿನ ಕೆಲಸವೂ ಆಗ್ತದೆ.

ಎಲ್‌ಪಿ, 45ಗೆ ಬಂದರೆ ಮೂರು ದಾರಿ ಕಾಣ್ತವೆ. ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ಎಲ್ಲಕ್ಕಿಂತ ಸರಳ. ಪೂರ್ತಿ ಆಟೋಮ್ಯಾಟಿಕ್, ಬೆಲ್ಟ್ ಡ್ರೈವ್, ಒಳಗೇ ಫೋನೋ ಪ್ರಿಆಂಪ್. ಮುಳ್ಳು ಬದಲಾಯಿಸಬಹುದು, ಕಾರ್ಟ್ರಿಜ್ ಬದಲಾಯಿಸಲಾಗದು, ಮುಳ್ಳಿನ ಭಾರವನ್ನೂ ಹೊಂದಿಸಲಾಗದು. ಸೋನಿಯ ಪಿಎಸ್-ಎಲ್‌ಎಕ್ಸ್310ಬಿಟಿ ಹೆಚ್ಚುಕಡಿಮೆ ಇದೇ ಜಾತಿ, ಜೊತೆಗೆ ಬ್ಲೂಟೂತ್. ಡೆನಾನ್ ಡಿಪಿ-300ಎಫ್ ಇನ್ನೊಂದು ಮೆಟ್ಟಿಲು ಮೇಲೆ, ಬೆಲೆಯೂ ಮೇಲೆ. ಆಟೋಮ್ಯಾಟಿಕ್ ಆಗಿದ್ದರೂ ಹೆಡ್‌ಶೆಲ್ ಬಿಚ್ಚಬಹುದು, ಹಿಂದಿನ ತೂಕ ತಿರುಗಿಸಿ ಭಾರ ಹೊಂದಿಸಬಹುದು, ನಾಳೆ ಬೇರೆ ಕಾರ್ಟ್ರಿಜ್ ಹಾಕಬಹುದು. ಮುಂದೆ ಸುಧಾರಿಸೋ ಹುಚ್ಚು ನಿಮಗಿದ್ದರೆ ಇದು. ಬರೀ ಮುತ್ಯಾ ಕೇಳಿದರೆ ಸಾಕು ಅಂದ್ರೆ ಮೊದಲನೆಯದು ಧಾರಾಳ ಆಯ್ತು.

ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಸಿಗೋ, ಸೂಟ್‌ಕೇಸಿನಂಥ ಬಣ್ಣಬಣ್ಣದ ಪ್ಲೇಯರುಗಳ ಹತ್ತಿರ ಮಾತ್ರ ಹೋಗಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರ್ತದೆ, ಮುಳ್ಳಿನ ಭಾರ ಜಾಸ್ತಿ. ಎಲ್‌ಪಿ60ಎಕ್ಸ್‌ನಂಥದರಲ್ಲಿ ಅದು ಸುಮಾರು 3 ಗ್ರಾಂ. ಹಳೇ ರೆಕಾರ್ಡು ಒಮ್ಮೆ ಸವೆದರೆ ಮತ್ತೆ ಅಂಗಡಿಯಲ್ಲಿ ಸಿಗೋ ವಸ್ತುವಲ್ಲ.

ಈಗ ಅಪ್‌ಗ್ರೇಡ್ ವಿಷಯ. ಇಲ್ಲೇ ನಮ್ಮ ಮಂದಿ ದುಡ್ಡು ಕಳೆಯೋದು. ಹತ್ತು ಸಾವಿರದ ಕೇಬಲ್ಲು, ಚಿನ್ನದ ಲೇಪದ ಪ್ಲಗ್ಗು ಅಂತ ಶುರುವಾಗಿಬಿಡ್ತಾರೆ. ನಮ್ಮ ಪ್ರಕಾರ ಕ್ರಮ ಹೀಗಿರಬೇಕು.

ಮೊದಲು ಜಾಗ, ಇದಕ್ಕೆ ಖರ್ಚೇ ಇಲ್ಲ. ಸ್ಪೀಕರ್ ಇಟ್ಟ ಮೇಜಿನ ಮೇಲೆ ಟರ್ನ್‌ಟೇಬಲ್ ಇಡಬೇಡಿ, ಸ್ಪೀಕರಿನ ನಡುಕ ಮುಳ್ಳಿಗೆ ಹತ್ತಿ ಮತ್ತೆ ಸ್ಪೀಕರಿಗೇ ಬರ್ತದೆ. ನಮ್ಮ ಕಡೆಯ ಹಳೇ ಮನೆಗಳ ದಪ್ಪ ಗೋಡೆಯಲ್ಲಿ ಮಾಡ ಇರ್ತದಲ್ಲ, ಯಂತ್ರ ಹಿಡಿಸುವಷ್ಟು ದೊಡ್ಡದಿದ್ದರೆ ಅದಕ್ಕಿಂತ ಒಳ್ಳೇ ಸ್ಟ್ಯಾಂಡಿಲ್ಲ. ಇಲ್ಲದಿದ್ದರೆ ಒಂದು ಶಹಾಬಾದ್ ಕಲ್ಲಿನ ತುಂಡು, ಅದರ ಕೆಳಗೆ ನಾಲ್ಕು ರಬ್ಬರ್ ತುಂಡು. ಫೋನಿನಲ್ಲಿರೋ ಲೆವೆಲ್ ಆ್ಯಪ್ ಇಟ್ಟು ಮಟ್ಟ ನೋಡಿ. ಆಟೋಮ್ಯಾಟಿಕ್ ಕೈಗೆ ಇದು ಇನ್ನೂ ಮುಖ್ಯ, ಮಟ್ಟ ಇಲ್ಲದಿದ್ದರೆ ಆ ಕೊಕ್ಕೆ ಹೊತ್ತಲ್ಲದ ಹೊತ್ತಿಗೆ ಸಿಕ್ಕಿಹಾಕಿಕೊಂಡು ಹಾಡು ಅರ್ಧಕ್ಕೇ ನಿಲ್ಲಬಹುದು.

ಎರಡನೆಯದು ಸ್ವಚ್ಛತೆ. ಒಂದು ಕಾರ್ಬನ್ ಫೈಬರ್ ಬ್ರಷ್ ಇರಲಿ. ತೊಳೆಯೋದಾದ್ರೆ ಡಿಸ್ಟಿಲ್ಡ್ ನೀರು, ಮೆದು ಬಟ್ಟೆ, ಲೇಬಲ್ ತೋಯಬಾರದು. ಒಂದು ಮಾತು ನೆನಪಿಡಿ: 78ರ ಪ್ಲೇಟಿಗೆ ಆಲ್ಕೋಹಾಲ್ ಮುಟ್ಟಿಸಲೇಬಾರದು. ಅದು ಅರಗಿನಿಂದ ಮಾಡಿದ್ದು, ಅರಗು ಆಲ್ಕೋಹಾಲಿನಲ್ಲಿ ಕರಗ್ತದೆ. ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿಡಿ. ಬ್ಯಾಸಗ್ಯಾಗ ಪತ್ರಾಸಿನ ಕೋಣೆಯಲ್ಲಿ ಅಡ್ಡ ಪೇರಿಸಿಟ್ಟರೆ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗ್ತದೆ.

ಮೂರನೆಯದು ಮುಳ್ಳು. ಕಿವಿಗೆ ಗೊತ್ತಾಗೋ ನಿಜವಾದ ಅಪ್‌ಗ್ರೇಡ್ ಇದು. ಅಗ್ಗದ ಯಂತ್ರದ ಜೊತೆ ಬರೋದು ಸಾಮಾನ್ಯವಾಗಿ ದುಂಡು ತುದಿಯ ಮುಳ್ಳು. ಎಲ್‌ಪಿಯ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳ ಅಂಚಿನಲ್ಲಿ ಅದು ಸುಮಾರು 21ಕ್ಕೆ ಇಳಿಯುತ್ತದೆ. ತ್ರಿಜ್ಯವನ್ನು ಕೋನವೇಗದಿಂದ ಗುಣಿಸಿ, ನೀವೇ ನೋಡಿ. ಅಂದ್ರೆ ಅದೇ ಸ್ವರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಬೇಕು. ದುಂಡು ಮುಳ್ಳಿಗೆ ಆ ಸಣ್ಣ ಸಂದುಗಳಲ್ಲಿ ಇಳಿಯಲಾಗದೆ 'ಸ'ಕಾರ ಸೀಳ್ತದೆ. ಅಂಡಾಕಾರದ ತುದಿಯ ಮುಳ್ಳು ಅಲ್ಲಿ ಚಲೋ ಇಳಿಯುತ್ತದೆ. ಭಜನೆ, ಅಭಂಗದ ಕೊನೆಯ ಪದ ಇರೋದು ಆ ಒಳ ಅಂಚಿನಲ್ಲೇ ಅನ್ನೋದನ್ನು ಮರೀಬೇಡಿ. ಮುಳ್ಳಿನ ಆಯುಷ್ಯ ಸಾಮಾನ್ಯವಾಗಿ 300ರಿಂದ 500 ಗಂಟೆ. ದಿನಕ್ಕೊಂದು ಎಲ್‌ಪಿ ಅಂದ್ರೆ ವರ್ಷಕ್ಕೆ ಸುಮಾರು 240 ಗಂಟೆ ಆಗ್ತದೆ. ಒಂದೂವರೆ ವರ್ಷಕ್ಕೊಮ್ಮೆ, ಮನೆಗೆ ಹೋದಾಗ ಬದಲಾಯಿಸಿ.

ಕೊನೆಯದು ಫೋನೋ ಪ್ರಿಆಂಪ್. ಕಾರ್ಟ್ರಿಜ್ ಕೊಡೋದು ಕೆಲವೇ ಮಿಲಿವೋಲ್ಟ್. ಅದನ್ನು ಸುಮಾರು ನೂರು ಪಟ್ಟು ಹೆಚ್ಚಿಸಬೇಕು, ಜೊತೆಗೆ ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಎತ್ತಿ, ಎತ್ತಿದ ತಾರವನ್ನು ತಗ್ಗಿಸಬೇಕು. ಇದಕ್ಕೆ 1954ರಿಂದ ಆರ್‌ಐಎಎ ಕರ್ವ್ ಅನ್ನೋ ಒಂದೇ ಲೆಕ್ಕ ಇದೆ. ಒಳಗಿನ ಪ್ರಿಆಂಪಿನಿಂದಲೇ ಕೆಲಸ ನಡೀತದೆ. ಆದರೆ ಇ ಆ್ಯಂಡ್ ಸಿ ಗೆಳೆಯರೇ, ಒಂದು ಎನ್‌ಇ5532, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, 47 ಕಿಲೋ ಓಮ್ ಇನ್‌ಪುಟ್: ಇದಕ್ಕಿಂತ ಚಂದದ ಮಿನಿ ಪ್ರಾಜೆಕ್ಟ್ ಯಾವುದಿದೆ? ಹೊರಗಿನದನ್ನು ಜೋಡಿಸಿದಾಗ ಯಂತ್ರದ ಹಿಂದಿನ ಸ್ವಿಚ್ಚನ್ನು ಫೋನೋಗೆ ತಳ್ಳಿ. ಇಲ್ಲದಿದ್ದರೆ ಎರಡು ಪ್ರಿಆಂಪ್ ಒಂದರ ಮೇಲೊಂದು ಕೂತು ಧ್ವನಿ ಗೊರಗೊರ ಅಂತದೆ.

ನಮ್ಮ ಊರಿಗೆ ಬೇಕಾದ ಇನ್ನೊಂದು ಸಂಗತಿ ಕರೆಂಟು. ನಡುವೆ ಕರೆಂಟ್ ಹೋದರೆ ಕೈ ವಾಪಸ್ ಹೋಗಲಾರದು, ತಟ್ಟೆ ತಿರುಗಿದರೆ ತಾನೇ ಕ್ಯಾಮ್ ತಿರುಗೋದು. ಮುಳ್ಳು ರೆಕಾರ್ಡಿನ ಮೇಲೇ ಕೂತಿರ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್, ಕರೆಂಟ್ ಓದಿ, ಅದಕ್ಕೆ ಹೊಂದೋ ರೂಟರ್ ಯುಪಿಎಸ್ ಒಂದನ್ನು ಜೋಡಿಸಿದರೆ ಕನಿಷ್ಠ ಆ ಬದಿ ಮುಗಿಯೋ ತನಕ ಯಂತ್ರ ತಿರುಗ್ತದೆ.

'ಇಷ್ಟೆಲ್ಲ ಯಾಕೆ, ಫೋನಿನಲ್ಲಿ ಎಲ್ಲಾ ಸಿಗ್ತದಲ್ಲ' ಅನ್ನೋರಿದ್ದಾರೆ. ಎಲ್ಲಾ ಸಿಗಲ್ಲ. ಸಿಕ್ಕರೂ ಮುತ್ಯಾನಿಗೆ ಆ ಪರದೆಯಲ್ಲಿ ಹುಡುಕಲು ಬರಲ್ಲ, ನಡುನಡುವೆ ಜಾಹೀರಾತು ಬೇರೆ. ತನ್ನ ಕೈಯಾರೆ ಕೊಂಡ ರೆಕಾರ್ಡಿನ ಕವರ್ ಮಾತ್ರ ಅವರಿಗೆ ಕಣ್ಣು ಮಂಜಾದರೂ ಬಣ್ಣದಿಂದಲೇ ಗುರುತು ಸಿಗ್ತದೆ. ಅದು ಹಾಡದೇ ಬಿದ್ದಿದ್ದರೆ ಒಂದು ದಿನ ಗುಜರಿಯವನ ಗಾಡಿ ಹತ್ತೋದು ಖಂಡಿತ. ಮನೆಯಲ್ಲಿ ದಿನಾ ಹಾಡೋ ವಸ್ತುವನ್ನು ಮಾತ್ರ ಯಾರೂ ಗುಜರಿಗೆ ಹಾಕೋದಿಲ್ಲ.

ಅದಕ್ಕೆ ಈ ಸಲ ರಜೆಗೆ ಹೋದಾಗ ಒಂದು ಕೆಲಸ ಮಾಡ್ರಿ. ಟ್ರಂಕು ಇಳಿಸಿ, ಧೂಳು ಒರೆಸಿ, ಯಾವ ವೇಗದವು ಎಷ್ಟಿವೆ ಬರಕೊಂಡು ಬನ್ನಿ. ಲೇಬಲ್ಲಿನ ಫೋಟೋ ತೆಗೀರಿ. ಯಂತ್ರ ಯಾವುದು ಅನ್ನೋದನ್ನ ಆಮೇಲೆ ಕೂತು ಲೆಕ್ಕ ಹಾಕೋಣ, 78 ಇದ್ದವರು ಕೂಡಿ ಪಟ್ಟಿ ಹಾಕೋಣ. ಮತ್ತೆ ಯಾರಾದ್ರೂ 'ಆಟೋಮ್ಯಾಟಿಕ್ಕಾ?' ಅಂತ ಮೂಗು ಮುರಿದರೆ, ಅವರನ್ನ ಒಮ್ಮೆ ಘಾಟಬೋರಾಳಕ್ಕ ಕರಕೊಂಡು ಬರ್ರಿ. ಗುಂಡಿ ಒತ್ತೋದು ಮುತ್ಯಾ, ಚಹಾ ನಮ್ಮ ಕಡೆಯಿಂದ.