ಗೂಟವೂ ಸೇತುವೆಯ ಕಂಬವೂ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಎತ್ತು ಕಟ್ಟುವ ಗೂಟವು ಹೊಸದಲ್ಲ. ಮೊಳದಾಳಕ್ಕೆ ಬಡಿದ ಗೂಟವನ್ನು ಎತ್ತು ಎಷ್ಟೇ ಜಗ್ಗಿದರೂ ಅದು ಅಲುಗದು. ಬುಡದ ಮಣ್ಣನ್ನು ಅರ್ಧದಷ್ಟು ತೋಡಿಬಿಟ್ಟರೆ ಅದೇ ಗೂಟವು ಅದೇ ಎತ್ತಿನ ಎರಡು ಜಗ್ಗಿಗೇ ವಾಲುವುದು. ಹೊಳೆಯಲ್ಲಿ ನಿಂತ ಸೇತುವೆಯ ಕಂಬಕ್ಕೆ ಮಣ್ಣು ತೋಡುವುದು ನೆರೆ, ಜಗ್ಗುವುದು ಭೂಕಂಪ.

ನಮ್ಮ ಸೀಮೆಯಲ್ಲಿ ಭೂಕಂಪವೆಲ್ಲಿಯದೆಂದು ವಾಚಕರು ಕೇಳಬಹುದು. 2021ನೆಯ ಇಸವಿಯ ನವೆಂಬರಿನಲ್ಲಿ, ಘಾಟಿಗೆ ನೆರೆಯಾದ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹುಟ್ಟುವ ಪಾಪಘ್ನಿಯು ಉಕ್ಕಿ, ಕಡಪ ಜಿಲ್ಲೆಯ ಕಮಲಾಪುರದ ಬಳಿ ಸೇತುವೆಯು ಕುಸಿಯಿತು. ಮರುತಿಂಗಳು 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ನೆಲವೇ ಎರಡು ಬಾರಿ ನಡುಗಿತು, ಪ್ರಮಾಣ 2.9 ಮತ್ತು 3. ಇವು ಸೇತುವೆಯನ್ನು ಕೆಡಹುವಷ್ಟು ದೊಡ್ಡವಲ್ಲ, ನಿಜ. ಆದರೆ ಬೀದರಿಗೆ ದೂರವಲ್ಲದ ಕಿಲ್ಲಾರಿಯು 1993ರ ಸೆಪ್ಟೆಂಬರ್ 30ರಂದು ನೆಲಸಮವಾದಾಗ, ಅಂದಿನ ನಕ್ಷೆಯು ಆ ನೆಲವನ್ನು ಅತ್ಯಲ್ಪ ಅಪಾಯದ್ದೆಂದೇ ಗುರುತಿಸಿದ್ದಿತು.

ಹರಿವ ನೀರು ಕಂಬಕ್ಕೆ ಬಡಿದು ಕೆಳಕ್ಕೆ ತಿರುಗಿ, ಸುಳಿಯಾಗಿ ಬುಡದ ಮರಳನ್ನು ಕೊರೆಯುವುದು. ನೆಲದ ಮೇಲೆ 6 ಮೀಟರ್ ಇದ್ದ ಕಂಬದ ಬುಡವು 3 ಮೀಟರ್ ಕೊರೆದುಹೋದರೆ ಆಸರೆಯಿಲ್ಲದ ಉದ್ದವು 9 ಮೀಟರ್ ಆಯಿತು. ಬಾಗದೆ ನಿಲ್ಲುವ ಬಿಗಿಯಾದರೋ ಉದ್ದದ ಘನವನ್ನನುಸರಿಸಿ ಕುಗ್ಗುವುದರಿಂದ ಮೂರರಲ್ಲೊಂದು ಪಾಲೂ ಉಳಿಯದು. ಹೀಗೆ ನೀಳವಾದ ಕಂಬವು ನಿಧಾನವಾಗಿ ತೂಗುವುದರಿಂದ ಕಂಪನದ ಬಲವು ಅದಕ್ಕೆ ಕಡಮೆಯಾಗಿ ತಗಲುವುದೂ ಉಂಟು. ಇದನ್ನು ಲಾಭವೆಂದೆಣಿಸಲು ನಮಗೆ ಮನಸ್ಸು ಬಾರದು. ತೂಗಾಟವು ಹೆಚ್ಚಿದರೆ ಮೇಲಿನ ತೊಲೆಯು ತಾನು ಕೂತ ಸ್ಥಳದಿಂದ ಜಾರಬಹುದು. ಕೊರೆತವು ಎಲ್ಲ ಕಂಬಗಳಿಗೂ ಸಮನಾಗಿರದ ಕಾರಣ, ಕೊರೆಯದೆ ಗಿಡ್ಡವಾಗಿ ಉಳಿದ ಕಂಬದ ಮೇಲೆಯೇ ಹೆಚ್ಚಿನ ಹೊರೆಯು ಬೀಳುವುದು. ಆಳವಿಲ್ಲದ ತಳಪಾಯದ ಹಳೆಯ ಕಲ್ಲುಕಟ್ಟಡಗಳಿಗಂತೂ ಈ ಲಾಭವೂ ಇಲ್ಲ.

ಮೋಸದ ಸಂಗತಿಯು ಇನ್ನೊಂದಿದೆ. ನೆರೆಯು ಇಳಿಯುವಾಗ ಹೊಳೆಯೇ ಆ ಗುಂಡಿಯನ್ನು ಸಡಿಲ ಮರಳಿನಿಂದ ತುಂಬಿಬಿಡುವುದು. ಪುಷ್ಯಮಾಸದ ಹೊತ್ತಿಗೆ ನೋಡಿದರೆ ಎಲ್ಲವೂ ಮೊದಲಿನಂತೆಯೇ. ಆದರೆ ನೀರು ಕುಡಿದ ಆ ಮರಳು ಬಲವಾದ ಕಂಪನಕ್ಕೆ ಸಿಕ್ಕಿದರೆ ರಾಗಿಯಂಬಲಿಯಂತಾಗಬಲ್ಲದು. ಕಂಬವನ್ನು ಹಿಡಿದು ನಿಲ್ಲಿಸದು. ಆದುದರಿಂದಲೇ ಕೊರೆತದ ಆಳವನ್ನು ನೆರೆಯಿರುವಾಗಲೇ ಅಳೆಯಬೇಕೆಂದೂ, ತಳಪಾಯವನ್ನು ಆ ಆಳಕ್ಕಿಂತ ಕೆಳಗಿಡಬೇಕೆಂದೂ ಇಂಜಿನಿಯರರು ಹೇಳುವರು. ಮನೆಕಟ್ಟಲೆಂದು ಸೇತುವೆಯ ಬಳಿಯಿಂದ ಮರಳನ್ನು ಹೇರಿ ತರುವವರು ನೆರೆಯ ಕೆಲಸವನ್ನು ಬೇಸಗೆಯಲ್ಲಿಯೂ ನಡೆಯಿಸುತ್ತಿರುವರು.

ಊರಿನ ಸೇತುವೆಯ ಕಂಬದಲ್ಲಿ ಹಿಂದೆ ಮಣ್ಣಿನೊಳಗಿದ್ದ ಭಾಗವು ಬೇರೆ ಬಣ್ಣದ ಪಟ್ಟಿಯಾಗಿ ಹೊರಗೆ ಕಾಣುವುದಾದರೆ, ಮುಂದಿನ ಮಳೆಗಾಲಕ್ಕೆ ಮೊದಲೇ ಲೋಕೋಪಯೋಗಿ ಇಲಾಖೆಗೆ ಒಂದು ಅರ್ಜಿಯನ್ನು ಬರೆಯತಕ್ಕದ್ದು.